ಗಂಡು ಅನಕೊಂಡ ಎಷ್ಟುದ್ದ ಅಂತ ಸಾಹುಕಾರರಿಗೆ ಒಪ್ಪಿಸಿದ್ದು

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತನಾದವನಿಗೆ ಸಿಂಧನೂರಿನಲ್ಲಿ ಸುಮ್ಮನೆ ಕೂಡುವ ಭಾಗ್ಯವಿಲ್ಲ. ಯಾರ ಬಚ್ಚಲಲ್ಲಿ ಹಾವು ಕಂಡರೂ ಫೋನು ನನಗೆ. ಯಾರ ಎಮ್ಮೆ ಮೇವು ಬಿಟ್ಟರೂ ನನಗೆ. ಹಲ್ಲಿ ಮೈಮೇಲೆ ಬಿದ್ದರೆ ಶಕುನ ಕೇಳುವುದಕ್ಕೂ ನನಗೇ: "ಹಲ್ಲಿ ನಿಮ್ಮ ಸಬ್ಜೆಕ್ಟ್ ಅಲ್ಲೇನ್ರಿ ಸರ?" ನಾನು ಬೇಸರ ಮಾಡಿಕೊಳ್ಳುವವನಲ್ಲ. ನಿಜ ಹೇಳಬೇಕೆಂದರೆ ಫೋನು ಬರದ ದಿನ ನನಗೆ ಊಟ ರುಚಿಸುವುದಿಲ್ಲ. ಊರು ನನ್ನನ್ನು ಮರೆತಿತೋ ಏನೋ ಅನ್ನಿಸುತ್ತದೆ. ಆದರೆ ಈ ಸಲ ತಕರಾರು ಎದ್ದದ್ದು ನಮ್ಮೂರ ಹಾವಿನ ಮೇಲಲ್ಲ. ದಕ್ಷಿಣ ಅಮೆರಿಕದ ಜೌಗಿನಲ್ಲಿ ತನ್ನ ಪಾಡಿಗೆ ತಾನು ಮಲಗಿದ್ದ ಹಸಿರು ಅನಕೊಂಡ, ಅದೂ ಗಂಡು ಅನಕೊಂಡ, ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರುಗಳಲ್ಲಿ ನನ್ನನ್ನು ಅಲೆದಾಡಿಸಿತು.

ವಗ್ಗರಣಿ ಆರಿಹೋದದ್ದು

ಬೆಳಗಿನ ವಾಕಿಂಗ್ ಮುಗಿಸಿ ನಾವು ಮೂವರು ಒಂದೇ ಹೋಟೆಲಿನಲ್ಲಿ ಮಂಡಕ್ಕಿಯ ವಗ್ಗರಣಿ, ಮಿರ್ಚಿ ಭಜಿ ತಿನ್ನುತ್ತೇವೆ. ಒಬ್ಬ ನಾನು. ಇನ್ನೊಬ್ಬರು ರೈಸ್ ಮಿಲ್ಲಿನ ಸಾಹುಕಾರರು. ಆಳು ಗಿಡ್ಡ, ದನಿ ಎತ್ತರ. ಮಿಲ್ಲಿನ ಮೋಟಾರು ಓಡುತ್ತಿದ್ದಾಗಲೂ ಅವರು ಬೈಯುವುದು ಗೇಟಿನ ಆಚೆ ಕೇಳಿಸುತ್ತದೆ. ಮಸ್ಕಿಯ ಒಂದು ಹೈಸ್ಕೂಲಿನ ಕಮಿಟಿಗೆ ಅಧ್ಯಕ್ಷರೂ ಅವರೇ. ಮೂರನೆಯವರು ಟೇಲರ್ ಭಾಯಿ. ಸುತ್ತಲಿನ ಅರ್ಧ ಸಾಲಿಗಳ ಯೂನಿಫಾರ್ಮು ಇವರ ಮಷಿನ್ನಿನ ಕೆಳಗೆ ಹಾದು ಬಂದದ್ದು.

ಅವತ್ತು ಸಾಹುಕಾರರು ಮೊಬೈಲು ನನ್ನ ಮುಖದ ಹತ್ತಿರ ಹಿಡಿದರು. ಒಂದು ಜೆಸಿಬಿ, ಅದರ ಕೊಂಡಿಗೆ ಜೋತುಬಿದ್ದ ರೈಲಿನಂಥ ಹಾವು.

"ನೋಡ್ರಿ ಸರ, ಅನಕೊಂಡ. ಗಂಡಂದ್ರ ಹಿಂಗಿರಬೇಕು!"

"ಸಾಹುಕಾರ್ರ, ಇದು ಯಾರೋ ಕಂಪ್ಯೂಟರಿನಾಗ ಮಾಡಿದ ಆಟ. ಇಷ್ಟು ದೊಡ್ಡ ಹಾವು ಭೂಮಿ ಮ್ಯಾಲೆ ಎಲ್ಲೂ ಇಲ್ಲ. ಇದ್ರೂ ಅದು ಗಂಡಂತೂ ಅಲ್ಲ. ಅನಕೊಂಡದಾಗ ಗಂಡು ಸಣ್ಣದು."

"ಅಂದ್ರ? ಎಷ್ಟು ಸಣ್ಣದು?"

"ಕಾಡಿನಾಗ ಎಂಟೊಂಬತ್ತು ಅಡಿ. ಹತ್ತು ದಾಟಿದ್ರ ಅದು ದೊಡ್ಡ ಗಂಡು ಅಂತ ಲೆಕ್ಕ. ಹೆಣ್ಣು ಹದಿನೈದು ಅಡಿ ಆರಾಮಾಗಿ ಬೆಳೀತೈತಿ. ತೂಕದ ಮಾತಂತೂ ಕೇಳಬ್ಯಾಡ್ರಿ, ಒಂದು ಹೆಣ್ಣಿನ ತಕ್ಕಡಿಗೆ ನಾಕೈದು ಗಂಡು ಏರಿಸಬೇಕಾಗ್ತೈತಿ."

ಸಾಹುಕಾರರು ಕಚ್ಚಿದ ಮಿರ್ಚಿಯನ್ನು ಪ್ಲೇಟಿನಲ್ಲಿ ಇಟ್ಟರು. ಅವರು ಕಚ್ಚಿದ ಮಿರ್ಚಿ ಕೆಳಗಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೋರಿ ದೊಡ್ಡದೋ, ಆಕಳಾ ದೊಡ್ಡದೋ?"

"ಹೋರಿ."

"ಟಗರು ದೊಡ್ಡದೋ, ಕುರಿ ದೊಡ್ಡದೋ?"

"ಟಗರು."

"ಹುಂಜ?"

"ಹುಂಜಾನೇ ದೊಡ್ಡದ್ರಿ."

"ಮತ್ತ ಈ ಹಾವಿಗೇನು ಧಾಡಿ? ದೇವ್ರು ಮಾಡಿದ ಕಾಯ್ದೆ ಇದಕ್ಕೊಂದಕ್ಕ ಬ್ಯಾರೆ ಐತೇನು?"

ಹಾವುಗಳಲ್ಲಿ ಬಹಳಷ್ಟಕ್ಕೆ ಕಾಯ್ದೆ ಬೇರೆಯೇ, ಹೆಚ್ಚು ಮರಿ ಹೊರಬೇಕಾದ ಹೆಣ್ಣಿಗೆ ದೊಡ್ಡ ಒಡಲು ಬೇಕು ಎಂದು ಶುರು ಮಾಡಿ, ಮೃಗಾಲಯದಲ್ಲಿ ಕೂತಲ್ಲೇ ಊಟ ಸಿಗುವ ಹಾವುಗಳ ತನಕ ಪಾಠ ಎಳೆದೆ. ಟೇಲರ್ ಭಾಯಿ ನಡುವೆ "ಸರ, ವಗ್ಗರಣಿ ಆರಾಕತ್ತೈತಿ" ಎಂದರೂ ಬಿಡಲಿಲ್ಲ. ಪಾಠ ಅರ್ಧಕ್ಕೆ ನಿಲ್ಲಿಸಿ ನನಗೆ ಅಭ್ಯಾಸವೇ ಇಲ್ಲ.

ಕಷ್ಟ ಏನೆಂದರೆ, ಮಸ್ಕಿಯ ಅದೇ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಮುಖ್ಯ ಭಾಷಣಕಾರ ನಾನು, ನಾನು ಆರಿಸಿಕೊಂಡಿದ್ದ ವಿಷಯವೂ ಇದೇ. ಸಾಹುಕಾರರು ಕೈ ತೊಳೆದುಕೊಂಡು ಬಂದು, ನಿಂತೇ ಹೇಳಿದರು:

"ಸರ, ನವಿಲಿನ ಬಗ್ಗೆ ಮಾತಾಡ್ರಿ. ನವಿಲಿನಾಗ ಗಂಡು ಚಂದ ಇರ್ತೈತಿ. ಇಲ್ಲ, ಅನಕೊಂಡಾನೇ ಅಂತೀರಾ, ಮಾತಾಡ್ರಿ. ಆದ್ರ ನೆಪ್ಪಿರಲಿ, ಅಧ್ಯಕ್ಷ ಭಾಷಣ ನಂದು. ಹುಡುಗರ ಮುಂದ ನಿಮ್ಮ ಮಾತು ಸುಳ್ಳು ಅಂತ ನಾನೇ ಹೇಳ್ತೀನಿ."

ನಮ್ಮ ಕಡೆಯ ಸಭೆಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಅಧ್ಯಕ್ಷರದ್ದು ಕೊನೆಯ ಭಾಷಣ. ಅದಾದ ಮೇಲೆ ವಂದನಾರ್ಪಣೆ, ಅದರ ಬೆನ್ನಿಗೇ ಜನಗಣಮನ. ಮುಖ್ಯ ಭಾಷಣಕಾರ ಉತ್ತರ ಕೊಡಬೇಕೆಂದರೂ ಜಾಗವಿಲ್ಲ. ಜೀವಮಾನವಿಡೀ ಪಾಠ ಹೇಳಿದ ನಾನು ಸಾವಿರ ಮಕ್ಕಳ ಮುಂದೆ ಸೋಲಬೇಕು, ಅದೂ ಅಟೆನ್ಷನ್‌ನಲ್ಲಿ ನಿಂತು.

ಬೆಳೆಯುವ ಮಗು

ಮಾತಿನಿಂದ ಆಗದ್ದನ್ನು ಕಣ್ಣಿನಿಂದ ಮಾಡಿಸೋಣ ಎಂದುಕೊಂಡೆ. ಒಂಬತ್ತು ಅಡಿಯ ಗಂಡು, ಹದಿನಾರು ಅಡಿಯ ಹೆಣ್ಣು, ಎರಡನ್ನೂ ಬಟ್ಟೆಯಲ್ಲಿ ಹೊಲಿಸಿ, ಹೊಟ್ಟು ತುಂಬಿಸಿ, ಮಕ್ಕಳ ಮುಂದೆ ಅಡ್ಡಡ್ಡ ಮಲಗಿಸಿಬಿಟ್ಟರೆ ಆಯಿತು. ಟೇಲರ್ ಭಾಯಿಯ ಅಂಗಡಿಯಲ್ಲಿ ಹಸಿರು ಬಟ್ಟೆಯ ಥಾನು ಬಿದ್ದಿತ್ತು. ಯಾವುದೋ ಸಾಲಿಯವರು ಯೂನಿಫಾರ್ಮಿನ ಬಣ್ಣ ಬದಲಿಸಿ ಇವರ ತಲೆಗೆ ಕಟ್ಟಿದ್ದದ್ದು.

"ಮಾಡಿ ಕೊಡ್ತೀನ್ರಿ ಸರ. ಸಾಲಿ ಹುಡುಗರು ಬ್ಯಾಡಂದ ಬಟ್ಟಿ ಹಾವಿಗಾದ್ರೂ ಆಗ್ಲಿ."

ಹೇಳಿದ ದಿನ ಹೋದೆ. ಹೆಣ್ಣು ಅಂಗಡಿಯೊಳಗೆ ಹಿಡಿಸದೆ ಕಟ್ಟೆ ಇಳಿದು ರಸ್ತೆಯ ತನಕ ಮಲಗಿತ್ತು. ಬೆನ್ನ ಮೇಲೆ ಕಪ್ಪು ಬೊಟ್ಟುಗಳು, ಬದಿಯಲ್ಲಿ ಹಳದಿ ಮಚ್ಚೆಗಳು, ನಾನು ಚಿತ್ರ ಬರೆದುಕೊಟ್ಟಂತೆಯೇ. ಕಣ್ಣಿಗೆ ಮಾತ್ರ ಸಫಾರಿ ಸೂಟಿನ ಗುಂಡಿ ಹಚ್ಚಿದ್ದರು, ಭಾರೀ ಶೋಭಿಸಿತ್ತು. ಗಂಡಿನ ಅಳತೆ ಹಿಡಿದೆ. ಒಂಬತ್ತು ಅಡಿ, ಸರಿ. ಆದರೆ ಬಾಲ ಕೈಗೆ ದಪ್ಪ ಹತ್ತಿತು. ಒಳಗೆ ಏನೋ ಮಡಿಕೆ.

"ಭಾಯಿ, ಇದೇನಿದು ಗಂಟು?"

"ಗಂಟಲ್ರಿ. ಒಳಗ ಬಟ್ಟಿ ಮಡಿಚಿ ಹೊಲದೀನಿ."

"ಯಾಕ?"

ನನ್ನಂಥ ಓದಿದವನು ಇದನ್ನು ಕೇಳುವುದೇ ಎಂಬಂತೆ ನೋಡಿದರು. "ಬೆಳೆಯೋ ಜೀವ ಸರ. ನನ್ನ ಕೈಯಾಗಿನ ಐದನೇ ಕ್ಲಾಸಿನ ಪ್ಯಾಂಟು ಏಳನೇ ಕ್ಲಾಸಿನ ತನಕ ನಡೀತೈತಿ. ಅವ್ವಂದಿರು ಬಂದು ಮೊದಲು ಅದs ಕೇಳ್ತಾರ, ಒಳಗ ಎಷ್ಟು ಬಿಟ್ಟೀರಿ ಅಂತ."

"ಇದು ಪೂರ್ತಿ ಬೆಳದ ಗಂಡು, ಭಾಯಿ!"

"ಕಾಡಿನಾಗ ಪೂರ್ತಿ. ಝೂದಾಗ ಹುಡುಕಿ ಬೇಟೆ ಆಡೋದಿಲ್ಲ, ಕುಂತಲ್ಲೇ ಊಟ ಬರ್ತೈತಿ ಅಂತ ನೀವs ಅಂದೀರಿ. ನಾಳೆ ಇದನ್ನ ಒಯ್ದು ಝೂದಾಗ ಹಾಕಿದ್ರು ಅಂತ ತಿಳ್ಕೋರಿ. ಆವಾಗ ಬಂದು, ಟೇಲರ್ ಭಾಯಿ, ಗಿಡ್ಡ ಆತು ಅಂದ್ರ? ಹೊಲಿಗಿ ಬಿಚ್ಚಿದ್ರ ಎರಡಡಿ ಸಿಗ್ತೈತಿ, ಟೆನ್ಷನ್ನs ಇಲ್ಲ."

ನಾನು ಅವರ ಕಟ್ಟೆಯ ಮೇಲೆ ಕೂತು ಸಮಾಧಾನದಿಂದ ತಿಳಿಸಿದೆ. ಮೃಗಾಲಯದಲ್ಲಿ ಚೆನ್ನಾಗಿ ತಿಂದ ಗಂಡು ಒಂದಿಷ್ಟು ಉದ್ದ ಹೆಚ್ಚಾದೀತು, ಇಲ್ಲ ಅನ್ನುವುದಿಲ್ಲ. ಆದರೆ ಗಂಡು ಗಂಡಿನ ಅಳತೆಯಲ್ಲೇ ನಿಲ್ಲುತ್ತದೆ, ಎಷ್ಟು ತಿಂದರೂ ಹೆಣ್ಣಿನ ಉದ್ದಕ್ಕೆ ಹೋಗುವುದಿಲ್ಲ. ಕೂತು ತಿಂದದ್ದೆಲ್ಲ ಕೊಬ್ಬಾಗಿ ಹೊಟ್ಟೆಗೇ ಹತ್ತುತ್ತದೆ.

ಭಾಯಿ ಕತ್ತರಿಯ ತುದಿಯಿಂದ ಕಿವಿಯ ಹಿಂದೆ ಕೆರೆದುಕೊಂಡರು. ಆಮೇಲೆ ಬಾಲದ ಹೊಲಿಗೆ ಬಿಚ್ಚತೊಡಗಿ ಕೇಳಿದರು:

"ಹಂಗಾದ್ರ ಸೊಂಟಕ್ಕೊಂದು ಲಾಡಿ ಹಾಕ್ಲೇನ್ರಿ?"

ಗೊರೇಬಾಳದ ಗಂಡು

ಒಂದು ಮಧ್ಯಾಹ್ನ ಸಾಹುಕಾರರ ಕಾರು ನಮ್ಮ ಮನೆಯ ಮುಂದೆ ಬಂದು ಹಾರನ್ ಹೊಡೆಯಿತು.

"ಹತ್ರಿ ಸರ! ಗೊರೇಬಾಳದ ಕಡೆ ಕಾಲುವ್ಯಾಗ ಅನಕೊಂಡ ಬಂದೈತಿ. ಮಂದಿ ಸೇರ್ಯಾರ. ನೋಡಿದವರು ಉದ್ದ ಹೇಳಾಕs ಒಲ್ಲರು, ಅಷ್ಟುದ್ದ ಐತಂತ. ನಿಮ್ಮ ಒಂಬತ್ತು ಅಡಿ ಇವತ್ತಿಗೆ ಮುಗೀತು."

ದಾರಿಯುದ್ದಕ್ಕೂ ಅವರ ಉತ್ಸಾಹ ಏನು ಹೇಳಲಿ. ಕಾಲುವೆ ನೀರು ಕದಿಯುವವರ ಮೇಲೆ ನೀರಾವರಿಯವರು ಕೇಸು ಹಾಕುತ್ತಿದ್ದ ದಿನಗಳವು. ಗೊರೇಬಾಳದ ಕಾಲುವೆ ದಂಡೆಯ ಮೇಲೆ ಬೈಕುಗಳು, ಆಟೋಗಳು ಸಾಲುಗಟ್ಟಿದ್ದವು. ನೀರಿನಲ್ಲಿ ನಿಜಕ್ಕೂ ಏನೋ ಇತ್ತು. ತೊಡೆಯಷ್ಟು ದಪ್ಪ, ಕಪ್ಪು, ಮೈತುಂಬ ಪಾಚಿ. ತಲೆ ನೀರೊಳಗೆ. ಮೈ ದಂಡೆ ಏರಿ, ಜಾಲಿಕಂಟಿಯೊಳಗೆ ಹೊಕ್ಕು, ಆಚೆ ಎಲ್ಲಿಗೋ ಹೋಗಿತ್ತು. ಒಂದೊಂದು ಸಲ ಗಡಗಡ ನಡುಗುತ್ತಿತ್ತು, ನಡುಗಿ ಉಬ್ಬುತ್ತಿತ್ತು.

"ನೀರು ಕುಡಿಯಾಕತ್ತೈತಿ!" ಎಂದು ಮಂದಿ ಹಿಂದೆ ಸರಿದರು. ಒಬ್ಬ ಮುದುಕಿ ದೂರದಿಂದಲೇ ಅರಿಶಿನ-ಕುಂಕುಮ ಎಸೆದಳು. ಅಂಗಿ ಬಿಚ್ಚಿ ತಲೆಗೆ ಸುತ್ತಿಕೊಂಡ ರೈತನೊಬ್ಬ ಎಲ್ಲರಿಗಿಂತ ಮುಂದೆ ನಿಂತು, ಎರಡೂ ಕೈ ಅಗಲಿಸಿ ಮಂದಿಯನ್ನು ತಡೆಯುತ್ತಿದ್ದ: "ಹತ್ರ ಹೋಗಬ್ಯಾಡ್ರಿ! ಭಾಳ ಕೆಟ್ಟ ಜಾತಿ! ಮುಟ್ಟಬ್ಯಾಡ್ರಿ!"

ಸಾಹುಕಾರರು ಪೈಜಾಮ ಮೊಣಕಾಲಿನ ತನಕ ಏರಿಸಿ ದಂಡೆಯ ಮೇಲೆ ಹೆಜ್ಜೆಯಿಂದ ಉದ್ದ ಅಳೆಯುತ್ತ ಹೋದರು, ಏದುಸಿರು ಬಿಡುತ್ತ ಬಂದರು. "ಸರ, ನನ್ನ ಕಾಲು ಸೋತ್ವು, ಬಾಲ ಇನ್ನೂ ಸಿಕ್ಕಿಲ್ಲ. ಈಗೇನಂತೀರಿ?"

"ಗಂಡೋ ಹೆಣ್ಣೋ ನೋಡಬೇಕಲ್ರಿ."

"ಇಷ್ಟುದ್ದ ಐತಂದ್ರ ಗಂಡs!"

ನಾನು ಚಪ್ಪಲಿ ಕಳಚಿ ದಂಡೆ ಇಳಿದೆ. ರೈತ ನನ್ನ ತೋಳು ಹಿಡಿದು "ಬ್ಯಾಡ್ರಿ ಸರ, ನಿಮಗೂ ಮನಿ-ಮಕ್ಕಳು ಅದಾರ" ಎಂದು ಬೇಡಿಕೊಂಡ. ಪಾಚಿ ಸರಿಸಿ ನೋಡಿದೆ. ಕುತ್ತಿಗೆಯ ಸುತ್ತ ಕಬ್ಬಿಣದ ಕ್ಲಾಂಪು, ಅದಕ್ಕೆ ಎರಡು ನಟ್ಟು.

"ಸಾಹುಕಾರ್ರ, ಹೆಣ್ಣs ಇದು. ಕೊರಳಾಗ ತಾಳಿ ಐತಿ."

ಮಂದಿಗೆ ಅರ್ಥವಾಗಲಿಲ್ಲ. ರೈತನಿಗೆ ಆಯಿತು. ನಾನು ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದೆ: "ಇದರ ಬಾಲ ಎಲ್ಲೈತಪ್ಪ?"

ಅವನು ಇನ್ನೂ ಮೆಲ್ಲಗೆ ಹೇಳಿದ:

"ನಮ್ಮ ಗದ್ದ್ಯಾಗ ಐತ್ರಿ ಸರ. ಮೋಟಾರು ಬಂದ್ ಮಾಡಿದ್ರ ಸುಮ್ನ ಮಕ್ಕೋತೈತಿ."

ಮಿಲ್ಲಿನ ಊಟ

ಸಾಹುಕಾರರಲ್ಲಿ ಒಂದು ದೊಡ್ಡಗುಣ. ವಾದ ವಾದದ ಜಾಗದಲ್ಲಿ, ಸಹಾಯ ಸಹಾಯದ ಜಾಗದಲ್ಲಿ. "ನನ್ನ ಸಾಲಿ ಪ್ರದರ್ಶನಕ್ಕ ಹೊಟ್ಟು ಬ್ಯಾರೆಯವರ ಮಿಲ್ಲಿಂದ ಯಾಕ ತರ್ತೀರಿ?" ಎಂದು ಎರಡೂ ಹಾವನ್ನು ತಮ್ಮಲ್ಲಿಗೇ ತರಿಸಿಕೊಂಡರು.

ಮಿಲ್ಲಿನ ಹಮಾಲರಿಗೆ ಚೀಲ ತುಂಬುವುದೊಂದು ವಿದ್ಯೆ. ಸುರುವುದು, ಎತ್ತಿ ಕುಕ್ಕುವುದು, ಬಡಿಗೆಯಿಂದ ಜಡಿಯುವುದು, ಮತ್ತೆ ಸುರುವುದು. ಚೀಲ ಗೋಡೆಯ ಆಸರೆಯಿಲ್ಲದೆ ನಿಂತಾಗಲೇ ಅವರ ಪ್ರಕಾರ ಅದು ತುಂಬಿತು. ಹಾವನ್ನೂ ಅದೇ ರೀತಿ ತುಂಬಿದರು. ಹೆಣ್ಣು ಉದ್ದವಿದ್ದುದರಿಂದ ನಿಲ್ಲಿಸಲು ಆಗಲಿಲ್ಲ, ಬದುಕಿಕೊಂಡಿತು. ಗಂಡನ್ನು ಮಾತ್ರ ಜಡಿದು ಜಡಿದು ಕಂಬದ ಹಾಗೆ ನಿಲ್ಲಿಸಿಬಿಟ್ಟರು. ನಾನು, ಟೇಲರ್ ಭಾಯಿ ಹೋಗಿ ನೋಡುತ್ತೇವೆ: ಮಿಲ್ಲಿನ ಅಂಗಳದಲ್ಲಿ ಒಂಬತ್ತು ಅಡಿಯ ಹಾವು ಬಾಲದ ಮೇಲೆ ನೆಟ್ಟಗೆ ನಿಂತಿದೆ, ಹೊಟ್ಟೆ ನಗಾರಿಯಾಗಿದೆ, ಪಕ್ಕದಲ್ಲಿ ಸಾಹುಕಾರರು ಕುತ್ತಿಗೆ ಮೇಲೆತ್ತಿ ಅದನ್ನು ನೋಡುತ್ತ ನಗುತ್ತಿದ್ದಾರೆ.

"ಬರ್ರಿ ಸರ! ಮುಂಜಾನಿಂದ ಒಂದು ಹಗಲು ನನ್ನ ಮಿಲ್ಲಿನ ಅನ್ನ ಉಂಡೈತಿ, ಗಂಡು ಹ್ಯಾಂಗ ಬೆಳದೈತಿ ನೋಡ್ರಿ! ನಿಮ್ಮ ಝೂದಾಗ ಊಟ ಸರಿ ಇಲ್ರಿ, ಅಷ್ಟs."

ನಾನು ಟೇಪು ಹಿಡಿದೆ. ಒಂಬತ್ತಡಿ. ಒಂದು ಬೆರಳೂ ಹೆಚ್ಚಿಲ್ಲ.

"ದಪ್ಪ ಆಗೈತ್ರಿ, ಉದ್ದ ಆಗಿಲ್ಲ" ಎಂದೆ.

"ಅದ್ಹ್ಯಾಂಗ? ದಪ್ಪ ಆದದ್ದು ಉದ್ದ ಆಗಬೇಕಲ್ಲ?"

ಇಲ್ಲಿ ಟೇಲರ್ ಭಾಯಿ ಬಾಯಿ ಹಾಕಿದರು. ಅವರ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ, ಅದಕ್ಕೆ ನಾನೇ ಸಾಕ್ಷಿ. "ಅರೆ, ಆಗಬೇಕಂತೇನಿಲ್ರಿ ಸಾಹುಕಾರ್ರ. ನಿಮ್ಮ ಪೈಜಾಮಾನs ನೋಡ್ರಲ್ಲ. ಮಿಲ್ಲು ಇಟ್ಟ ಮ್ಯಾಲೆ ಸೊಂಟ ವರ್ಷಾ ಬದಲಿ ಆಗೈತಿ. ಉದ್ದ ಮಾತ್ರ ನಿಮ್ಮ ಮದಿವಿ ಟೈಮಿನ್ಯಾಗ ಎಷ್ಟಿತ್ತೋ ಅಷ್ಟs."

ಹಮಾಲರ ಬಡಿಗೆ ನಿಂತಿತು. ಮಿಲ್ಲಿನ ಆಫೀಸಿನಲ್ಲಿ ಸಾಹುಕಾರರ ಮದುವೆಯ ಫೋಟೋ ತೂಗುಹಾಕಿದೆ. ಅಮ್ಮಾವರು ವಳಕಮದಿನ್ನಿಯ ದೊಡ್ಡ ಮನೆತನದವರು, ಎತ್ತರದ, ಮೈಕಟ್ಟಿನ ಹೆಣ್ಣುಮಗಳು. ಫೋಟೋದಲ್ಲಿ ಅವರು ಕುರ್ಚಿಯ ಮೇಲೆ ಕೂತಿದ್ದಾರೆ, ಸಾಹುಕಾರರು ನಿಂತಿದ್ದಾರೆ, ಇಬ್ಬರ ತಲೆಯೂ ಒಂದೇ ಮಟ್ಟಕ್ಕಿದೆ. ಆ ಫೋಟೋವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವತ್ತೇ ಮೊದಲ ಸಲ ನನಗೆ ಹೊಳೆದದ್ದು, ಇಷ್ಟು ದಿನದ ತಕರಾರು ಹಾವಿನದಲ್ಲ ಎಂದು.

ಸಾಹುಕಾರರು ಏನೂ ಬೈಯಲಿಲ್ಲ. ದನಿ ಇಳಿಸಿ "ಮಸ್ಕ್ಯಾಗ ನೋಡ್ಕೋಣ್ರಿ" ಎಂದು ಒಳಗೆ ಹೋದರು. ಅವರ ದನಿ ಇಳಿದದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ಹತ್ತಿತು. ದಾರಿಯಲ್ಲಿ ಭಾಯಿಯನ್ನು ಗದರಿಸಿದೆ.

"ಅಲ್ರಿ ಸರ," ಅಂದರು ಅವರು ಕಣ್ಣು ಅಗಲಿಸಿ, "ನಾ ಹೊಗಳೀನ್ರಿ! ಅಂಥಾ ಗಿರಾಕಿ ನನಗೊಬ್ಬರೂ ಇಲ್ಲ. ಅವರ ಪೈಜಾಮ ನಾ ನಿದ್ದ್ಯಾಗೂ ಕತ್ತರಿಸ್ತೀನಿ!"

ಲಿಂಗಸುಗೂರಿನ ಮಾತುಕತೆ

ಇನ್ನು ಬಟ್ಟೆಯ ಹಾವಿನಿಂದ ಕೆಲಸ ಆಗುವಂತಿರಲಿಲ್ಲ. ಜೀವಂತ ಹಾವೇ ಸಾಕ್ಷಿ ಹೇಳಬೇಕು. ನನಗೆ ನನ್ನ ಶಿಷ್ಯೆ ನೆನಪಾದಳು. ಲಿಂಗಸುಗೂರಿನ ಹುಡುಗಿ. ಪ್ರಾಕ್ಟಿಕಲ್ಲಿನ ಮೊದಲ ದಿನವೇ ಎದ್ದು ನಿಂತು "ಸರ, ಸತ್ತದ್ದನ್ನ ಕೊಯ್ದು ನೋಡ್ತೀವಿ, ಜೀವ ಇದ್ದದ್ದನ್ನ ನೋಡೋದು ಯಾವಾಗ?" ಎಂದು ಕೇಳಿದವಳು. ಈಗ ದೂರದ ಒಂದು ದೊಡ್ಡ ಮೃಗಾಲಯದಲ್ಲಿ ಹಾವುಗಳ ಆರೈಕೆ ಇವಳದ್ದೇ, ಅನಕೊಂಡಗಳೂ ಇವಳ ಸುಪರ್ದಿ. ಈ ಮಾತು ಹೇಳುವಾಗ ನನ್ನ ಎದೆ ಈಗಲೂ ಎರಡಂಗುಲ ಉಬ್ಬುತ್ತದೆ. ಫೋನ್ ನಂಬರ್ ಇರಲಿಲ್ಲ. ಬಸ್ ಹತ್ತಿ ಅವರಪ್ಪನ ಮನೆಗೇ ಹೋದೆ.

ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಯಾರೋ ಬಂಧುಗಳು ಬಂದಿರಬೇಕು ಎಂದುಕೊಂಡು, ನನ್ನ ಕ್ಲಾಸಿನ ದನಿಯಲ್ಲೇ ಒಳಗೆ ಹೊಕ್ಕೆ:

"ಏನ್ರಪ್ಪಾ, ಹ್ಯಾಂಗದಾಳ ನಮ್ಮ ಹಾವಿನ ಹುಡುಗಿ?"

ಒಳಗೆ ಚಾಪೆಯ ಮೇಲೆ ಏಳೆಂಟು ಜನ ಅವಲಕ್ಕಿ ತಿನ್ನುತ್ತಿದ್ದರು. ಎಲ್ಲರ ಚಮಚೆಯೂ ಒಮ್ಮೆಲೇ ನಿಂತಿತು. ಹುಡುಗಿಯ ಅಪ್ಪ ನನ್ನ ಕಡೆ ನೋಡಿದ ನೋಟದಲ್ಲೇ ತಿಳಿಯಿತು: ಗಂಡಿನ ಕಡೆಯವರು ಮಾತುಕತೆಗೆ ಬಂದಿದ್ದಾರೆ, ಮಗಳು "ಸರ್ಕಾರಿ ಉದ್ಯಾನದಾಗ" ಕೆಲಸ ಮಾಡುತ್ತಾಳೆ ಎಂದಷ್ಟೇ ಹೇಳಲಾಗಿದೆ.

"ಹಾವೇನ್ರಿ?" ಎಂದಳು ಹುಡುಗನ ಸೋದರತ್ತೆ.

ಬುದ್ಧಿವಂತನಾದವನು ಅಲ್ಲಿ ನಿಲ್ಲಿಸುತ್ತಿದ್ದ. ನಾನು ಹೆಮ್ಮೆಯಲ್ಲಿದ್ದೆ. "ಹಾವಂದ್ರ ಹಾವೇನ್ರಿ? ಅನಕೊಂಡ! ಹದಿನೈದು ಅಡಿ ಹೆಣ್ಣು! ಅದರ ತೂಕ ನೋಡೋದು, ಬಾಯಿ ಬಿಡಿಸಿ ನೋಡೋದು, ಊಟ ಹಾಕೋದು, ಎಲ್ಲಾ ನಮ್ಮ ಹುಡುಗಿನೇ!" ಅಪ್ಪ ನನ್ನ ಅಂಗೈಯನ್ನು ನಿಂಬೆಹಣ್ಣಿನಂತೆ ಹಿಂಡುತ್ತಿದ್ದರೂ ಪೂರ್ತಿ ಹೇಳಿ ಮುಗಿಸಿದೆ.

ಸೋದರತ್ತೆ ಸೆರಗು ಸರಿಮಾಡಿಕೊಂಡು ಬಹಳ ಹುಷಾರಾಗಿ ಕೇಳಿದಳು: "ಅದೆಲ್ಲಾ ಇರಲಿ. ಹುಡುಗಿಗೆ ಅಡಗಿ-ಗಿಡಗಿ ಬರ್ತೈತೇನು?"

ಒಳಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿ ಹೊರಗೆ ಬಂದರು.

"ಹದಿನೈದು ಅಡಿ ಹಾವಿನ ಹೊಟ್ಟಿ ತುಂಬಿಸ್ತಾಳ್ರಿ. ನಿಮ್ಮ ಹುಡುಗ ಎಷ್ಟಡಿ ಅದಾನ?"

ಮಸ್ಕಿಯ ಕೊನೆಯ ಭಾಷಣ

ಆ ಸಂಬಂಧ ಕೂಡಿಬಂತು ಎಂದು ಆಮೇಲೆ ಕೇಳಿ ಸಮಾಧಾನವಾಯಿತು. ನನಗಂತೂ ಅವತ್ತೇ ನಂಬರ್ ಸಿಕ್ಕಿತ್ತು. "ಸರ, ನೀವು ಹೇಳಿದ ಹೊತ್ತಿಗೆ ವಿಡಿಯೋ ಕಾಲ್ ಮಾಡ್ತೀನಿ, ಎರಡೂ ತೋರಿಸ್ತೀನಿ" ಎಂದಳು ಹುಡುಗಿ.

ಸಿಂಧನೂರಿನಿಂದ ಮಸ್ಕಿಗೆ ಹಾವುಗಳು ಗೂಡ್ಸ್ ಆಟೋದಲ್ಲಿ ಹೋದವು. ಹೆಣ್ಣಿನ ತಲೆ ಹಿಂದೆ ಹೊರಗೆ ಚಾಚಿತ್ತು. ಉದ್ದದ ಕಬ್ಬಿಣದ ಸರಳಿಗೆ ಕಟ್ಟುವ ಹಾಗೆ ಡ್ರೈವರು ಅದರ ಮೂಗಿಗೆ ಕೆಂಪು ಬಟ್ಟೆ ಕಟ್ಟಿದ್ದ.

ಸಾಲಿಯ ಅಂಗಳ ತುಂಬಿತ್ತು. ಮಕ್ಕಳು, ಮಕ್ಕಳ ಅವ್ವಂದಿರು, ಅಜ್ಜಿಯರು. ಮುಂದಿನ ಸಾಲಿನಲ್ಲಿ ಸಾಹುಕಾರರ ಅಮ್ಮಾವರು. ವೇದಿಕೆಯ ಮೇಲೆ ಸಾಹುಕಾರರು ನನ್ನ ಪಕ್ಕದಲ್ಲೇ ಕೂತಿದ್ದರೂ ನನ್ನ ಕಡೆ ನೋಡಲಿಲ್ಲ. ನಾನು ಮಾತಾಡಿದೆ. ಎಂದಿನಂತೆ ಹೆಚ್ಚೇ ಮಾತಾಡಿದೆ. ಆಮೇಲೆ ಪರದೆಯ ಮೇಲೆ ನನ್ನ ಶಿಷ್ಯೆ ಬಂದಳು. ಹೆಣ್ಣು ಅನಕೊಂಡವನ್ನು ಐದು ಜನ ಹೆಗಲು ಕೊಟ್ಟು ಎತ್ತಿದರು. ಇಡೀ ಅಂಗಳ "ಅಯ್ಯಯ್ಯಪ್ಪಾ" ಎಂದಿತು. ಗಂಡನ್ನು ಅವಳು, ಜೊತೆಗೊಬ್ಬ ಸಹಾಯಕ, ಇಬ್ಬರೇ ಎತ್ತಿಕೊಂಡು ಬಂದರು. ದಾರದಿಂದ ಬೆನ್ನಿನುದ್ದಕ್ಕೂ ಅಳೆದು, ದಾರವನ್ನು ಟೇಪಿನ ಮೇಲೆ ಎಳೆದು ತೋರಿಸಿದಳು. ಒಂಬತ್ತಡಿ ದಾಟಿ ಸ್ವಲ್ಪ.

ಸಾಹುಕಾರರು ಕುರ್ಚಿಯಿಂದ ಎದ್ದು ಮೈಕು ಇಸಿದುಕೊಂಡರು.

"ತಂಗಿ, ಅದಿನ್ನೂ ಸಣ್ಣ ಹುಡುಗ ಇರಬೇಕು. ಬೆಳೀತೈತಿ."

"ಇಲ್ರಿ. ಇಲ್ಲೇ ಹುಟ್ಟಿದ್ದು, ವಯಸ್ಸಾಗೈತಿ. ಎಷ್ಟೋ ವರ್ಷದಿಂದ ಅಳತಿ ಹೆಚ್ಚು ಕಮ್ಮಿ ಇಷ್ಟs ಐತಿ."

"ಏನು ಹಾಕ್ತೀರಿ ಉಣ್ಣಾಕ?"

"ಕೋಳಿ, ಮೊಲ."

"ಬರೇ ಕೋಳಿ ತಿಂದ್ರ ಏನು ಬೆಳೀತೈತಿ? ಒಂದು ಟಗರು ಹಾಕಿ ನೋಡು."

"ಟಗರು ಅದರ ಬಾಯಾಗ ಹಿಡಿಯಂಗಿಲ್ರಿ."

ಮಕ್ಕಳು ನಕ್ಕರು. ಸಾಹುಕಾರರು ಬಿಡಲಿಲ್ಲ.

"ಆ ಹೆಣ್ಣು ಪೂರಾ ತಿಂದು ಇದಕ್ಕ ಉಳಿಸವಲ್ದು. ಬ್ಯಾರೆ ಮನಿ ಮಾಡಿ ಇಟ್ಟು ನೋಡ್ರಿ."

"ಮೊದಲಿಂದ ಬ್ಯಾರೇನ ಇಟ್ಟೀವ್ರಿ. ಒಂದೊಂದು ಸಲ ಹೆಣ್ಣು ಗಂಡನ್ನೂ ತಿಂದುಬಿಡ್ತೈತಿ ಅಂತ."

ಅಂಗಳದಲ್ಲಿ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾಹುಕಾರರು ಪರದೆಯ ಹತ್ತಿರಕ್ಕೆ ಹೋದರು. ಮೈಕು ಹಿಡಿದು ಪರದೆಯ ಮೇಲಿನ ಆ ಗಂಡು ಹಾವನ್ನೇ ನೋಡುತ್ತ ನಿಂತರು. ಗೆದ್ದವನು ನಾನು, ಆದರೆ ಕುರ್ಚಿಯಲ್ಲಿ ಕೂಡುವುದು ನನಗೇ ಕಷ್ಟವಾಯಿತು. ಕೊನೆಗೆ ಅವರು, ಮಿಲ್ಲಿನ ಗೇಟು ದಾಟುವ ದನಿಯಲ್ಲಲ್ಲ, ಮನೆಯ ದನಿಯಲ್ಲಿ ಕೇಳಿದರು:

"ತಂಗಿ, ಒಂದು ಮಾತು. ಸಣ್ಣದಿದ್ರೂ ಅದು ಅನಕೊಂಡಾನೇ ಹೌದಲ್ಲ?"

"ಹೌದ್ರಿ ಮತ್ತ!" ಹುಡುಗಿಗೆ ಆಶ್ಚರ್ಯ. "ಪೂರ್ತಿ ಬೆಳದ ಗಂಡ್ರಿ ಇದು. ಆ ಜಾತಿಗೆ ಗಂಡಂದ್ರ ಇಷ್ಟs ಇರಬೇಕು. ಇದರಾಗ ಕಮ್ಮಿ ಏನೂ ಇಲ್ಲ. ಚಲಾಕಿ ಅಂತೂ ಎಷ್ಟೈತಿ ಅಂತೀರಿ!"

ಎಷ್ಟೋ ಕ್ಲಾಸುಗಳನ್ನು ನೋಡಿದವನು ನಾನು. ಪಾಠ ತಲೆಗೆ ಹೋದ ಮುಖ ಯಾವುದು, ಎದೆಗೆ ಹೋದ ಮುಖ ಯಾವುದು, ನನಗೆ ಗೊತ್ತಾಗುತ್ತದೆ. ನನ್ನ ಶಿಷ್ಯೆ ನಾನು ಮಾಡಲಾರದ ಪಾಠ ಮಾಡಿದ್ದಳು.

ಅಧ್ಯಕ್ಷ ಭಾಷಣಕ್ಕೆ ಕರೆದರು. ಆ ಸಾಲಿಯಲ್ಲಿ ಅಧ್ಯಕ್ಷರು ಮಾತಾಡಲು ಎದ್ದರೆ ಜವಾನ ಮೊದಲು ಓಡಿಹೋಗಿ ಪೋಡಿಯಮ್ಮಿನ ಹಿಂದೆ ಒಂದು ಸ್ಟೂಲು ಇಡುತ್ತಾನೆ. ಹಳೇ ರೂಢಿ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಅವತ್ತೂ ಇಟ್ಟ. ಸಾಹುಕಾರರು ಪೋಡಿಯಮ್ಮಿನ ಹಿಂದೆ ಹೋದವರು, ಎಲ್ಲರಿಗೂ ಕಾಣುವಂತೆ ಆ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟರು.

"ಇದು ಬ್ಯಾಡ. ಪೂರ್ತಿ ಬೆಳದೀನಿ ನಾನು!"

ನನ್ನ ಕಣ್ಣು ತುಂಬಿದವು. ಪೋಡಿಯಮ್ಮಿನ ಹಿಂದೆ ಅವರ ತಲೆ ಮುಳುಗಿತು. ಮೈಕಿನಿಂದ ಮಾತ್ರ ಆ ದೊಡ್ಡ ದನಿ ಅಂಗಳ ತುಂಬ ಗುಡುಗಿತು: "ಸರ ಹೇಳಿದ್ದು ಖರೇ! ಗಂಡು ಸಣ್ಣದು! ಸಣ್ಣದಿದ್ರೂ ಗಂಡು ಗಂಡs! ಎಲ್ಲಾರೂ ಕಣ್ಣು ತುಂಬ ನೋಡಿದ್ರಲ್ಲ?"

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ಹಣೆಗೆ ಕೈ ಅಡ್ಡ ಹಿಡಿದು ವೇದಿಕೆಯನ್ನು ಈ ತುದಿಯಿಂದ ಆ ತುದಿಗೆ ಹುಡುಕಿದಳು.

"ಎಲ್ಲೈತ್ಯಪ್ಪೋ? ಯಾರೂ ಕಾಣವಲ್ರು! ರೇಡಿಯೋ ಹಚ್ಚ್ಯಾರೇನು?"

ಮುಂದಿನ ಸಾಲಿನಲ್ಲಿ ಅಮ್ಮಾವರು ತಮ್ಮ ಪೂರ್ತಿ ಎತ್ತರಕ್ಕೆ ಎದ್ದು ನಿಂತರು. ಮಂದಿಯ ಕಡೆ ತಿರುಗಿ, ಗಂಡನ ದನಿಗೆ ಏನೂ ಕಮ್ಮಿಯಿಲ್ಲದ ದನಿಯಲ್ಲಿ ಹೇಳಿದರು:

"ಅದಾರಬೇ, ಅಲ್ಲೇ ಅದಾರ! ಸುಮ್ನ ಕುಂದ್ರು, ನಮ್ಮನಿ ಗಂಡು ಮಾತಾಡಾಕತ್ತೈತಿ!"

ಪೋಡಿಯಮ್ಮಿನ ಮೇಲಿಂದ ಒಂದು ಕೈ ಮಾತ್ರ ಎದ್ದು ಬಂತು. ಮಂದಿಗೆಲ್ಲ ನಮಸ್ಕಾರ ಮಾಡಲು ಇನ್ನೊಂದು ಕೈ ಬೇಕಲ್ಲ, ಸ್ವಲ್ಪ ಹೊತ್ತಿನ ಮೇಲೆ, ಬಹುಶಃ ತುದಿಗಾಲ ಮೇಲೆ ನಿಂತು, ಅದನ್ನೂ ಎತ್ತಿದರು.